ಗೋಡಿ ಜೋಳ

ಮೀರಾಸಾಬನಿಗೆ ಎರಡು ಚೀಲ ಬಿಳಿಜೋಳ ಇನ್ನೂ ಬರಬೇಕಾಗಿದೆ. ಹಗೇವಿನ ನಡುಮಧ್ಯದ ಜೋಳ, ಬೊಗಸೆಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸರಸರ ಸೋರಿ ಹೋಗುವಂಥದ್ದು. ಮೂರು ಹಗೇವು ತೆಗೆದ ಕೂಲಿ ಅದು. ೧೯೭೫ರ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಮುಂಚೆ ಮಾತಾದದ್ದು. ಈಗ ಎಪ್ಪತ್ತೊಂಬತ್ತು ಮುಗಿಯುತ್ತಾ ಬಂತು. ಕೊಡಬೇಕಾದವನು ಕರಿಹಾಳದ ಬಸಂತರಾಯಗೌಡ. ಕೇಳಿದರೆ ಗೌಡ ಕೊಟ್ಟಾಗಿದೆ ಅನ್ನುತ್ತಾನೆ. ಎರಡಲ್ಲ, ಐದು ಚೀಲ ಕೊಟ್ಟಿದ್ದೇನೆ, ನಾಲ್ಕು ಮಂದಿಯ ಮುಂದೆ ಅಳೆದಿದ್ದೇನೆ ಅನ್ನುತ್ತಾನೆ. ಅದೂ ಸುಳ್ಳಲ್ಲ. ಐದು ಚೀಲ ಕೊಟ್ಟದ್ದೂ ಖರೆ, ಕೂಲಿ ಬಾಕಿ ಇರುವುದೂ ಖರೆ.

ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ಮಣ್ಣು ನೋಡಿ ಗಡಿಗೆಯ ಆಕಾರದಲ್ಲಿ ಎರಡಾಳು ಆಳ ತೋಡುತ್ತಾರೆ. ಒಳಗೆ ಸುತ್ತಲೂ ಜೋಳದ ಒಣದಂಟಿನ ಕಣಕಿ, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮೇಲೆ ಕೆಸರು ಮೆತ್ತುತ್ತಾರೆ. ಚೆನ್ನಾಗಿ ಮುಚ್ಚಿದ್ದು ಮೂರು ವರ್ಷಕ್ಕೂ ಕೆಡುವುದಿಲ್ಲ. ಇಲಿ ಇಲ್ಲ, ನುಸಿ ಇಲ್ಲ, ಕಳ್ಳನ ಕಾಟವಿಲ್ಲ. ಆದರೆ ಎಷ್ಟೇ ಹುಷಾರಿಯಿಂದ ಮುಚ್ಚಿದರೂ ಗೋಡೆಗೆ ಅಂಟಿದ ಕಾಳು ಮಣ್ಣಿನ ತೇವ ಕುಡಿದು ಮುಗ್ಗುತ್ತದೆ, ಕಂದು ತಿರುಗುತ್ತದೆ, ಕಮಟು ನಾರುತ್ತದೆ. ಅದು ಗೋಡಿ ಜೋಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅಂತ ಮೀರಾಸಾಬ ತಿರುಗಿದ ಊರುಗಳಲ್ಲೆಲ್ಲ ಆ ಜೋಳ ಯಾರದು ಅನ್ನುವುದಕ್ಕೆ ಜಗಳವಿರಲಿಲ್ಲ. ನಡುವಿನದು ಧಣಿಗೆ, ಗೋಡೆಯದು ಇಳಿದವನಿಗೆ. ಗೊತ್ತು ಮಾಡಿದ ಕೂಲಿಯ ಮೇಲೆ ಅದೊಂದು ಇನಾಮು ಇದ್ದಂತೆ. ನೂರು ಚೀಲದ ಹಗೇವಿನಲ್ಲಿ ಅರ್ಧ ಚೀಲ, ಹೆಚ್ಚೆಂದರೆ ಮುಕ್ಕಾಲು ಚೀಲ ಬರುತ್ತಿತ್ತು. ತೊಳೆದು, ಒಣಗಿಸಿ, ಒಳ್ಳೆಯ ಜೋಳದ ಜೊತೆ ಕಲಸಿ ಉಂಡರೆ ಹೊಟ್ಟೆ ಒಂದೆರಡು ದಿನ ಗುಡುಗುಡು ಅಂದು ಸುಮ್ಮನಾಗುತ್ತಿತ್ತು. ಮೀರಾಸಾಬನ ಅಜ್ಜ ಉಂಡ, ಅಪ್ಪ ಉಂಡ, ಅವನೂ ಉಂಡ.

ಅಪ್ಪ ಗುಡುಸಾಬ ಗೋಡಿ ಜೋಳದಿಂದ ಸಾಯಲಿಲ್ಲ, ಹಗೇವಿನ ಗಾಳಿಯಿಂದ ಸತ್ತ. ಸಿಂದಗಿ ಕಡೆಯ ಒಂದು ಹಳ್ಳಿಯಲ್ಲಿ ಧಣಿಗೆ ಅವಸರವಿತ್ತು, ಸಂತೆಗೆ ಗಾಡಿ ಹೂಡಿ ನಿಲ್ಲಿಸಿದ್ದ. ಬಾಯಿ ತೆರೆದು ಒಂದು ದಿನವೂ ಬಿಡದೆ ಇಳಿಸಿದ. ಗುಡುಸಾಬ ಇಳಿದವನು ಹಾಗೇ ಜೋಳದ ಮೇಲೆ ಮಲಗಿದ. ಅಂದಿನಿಂದ ಮೀರಾಸಾಬ ಕಂದೀಲು ಬಿಟ್ಟು ನೋಡದೆ ಯಾವ ಹಗೇವಿಗೂ ಇಳಿದವನಲ್ಲ. ಎರಡು ದಿನ ಬಾಯಿ ತೆರೆದಿಡಬೇಕು, ಕೌದಿ ಕಟ್ಟಿ ಗಾಳಿ ಬೀಸಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ದೀಪ ನಿಂತರೆ ಇಳಿಯುವುದು. ಆರಿದರೆ ಧಣಿ ಎಷ್ಟೇ ಬಯ್ಯಲಿ, ಬೀಡಿ ಹಚ್ಚಿಕೊಂಡು ಕೂರುವುದು.

ಮೇಲೆ ಹಗ್ಗ ಹಿಡಿಯುವವನು ಗುರಪ್ಪ. ಒಂದೇ ಓಣಿಯವರು, ಒಂದೇ ವಾರಿಗೆಯವರು. ಹಗೇವಿನ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಮೇಲಿದ್ದವ ಮಾತಾಡುತ್ತಲೇ ಇರಬೇಕು, ಕೆಳಗಿದ್ದವ ಉತ್ತರ ಕೊಡುತ್ತಲೇ ಇರಬೇಕು. ಉತ್ತರ ನಿಂತಿತೋ, ಹಗ್ಗ ಜಗ್ಗಬೇಕು. ದೇವರ ನಾಮ ಹೇಳಿದರೂ ನಡೆಯುತ್ತದೆ, ಲೆಕ್ಕ ಹೇಳಿದರೂ ನಡೆಯುತ್ತದೆ. ಇವರಿಬ್ಬರೂ ಬೈದಾಡುತ್ತಿದ್ದರು.

"ಲೇ ಮೀರ್ಯಾ, ಇದ್ದೀಯೋ, ಹ್ವಾದ್ಯೋ?"

"ಹ್ವಾದ್ನಿ. ನಿನ್ನ ಪಾಲೂ ಕಟಗೊಂಡ ಹೊಂಟೇನಿ."

"ಹೋಗೋ ಭಾಡ್ಯಾ, ಜನ್ನತದಾಗೂ ನಿನಗ ಗೋಡಿ ಜೋಳಾನ ಅಳೀತಾರ."

"ಅಲ್ಲೀನೂ ಹಗ್ಗಾ ಹಿಡ್ಯಾಕ ನಿನ್ನ ಕರಸ್ತೇನಿ, ಚಿಂತಿ ಮಾಡಬ್ಯಾಡ."

ಹತ್ತಾರು ಊರಿನ ಹೆಂಗಸರು ಈ ಬೈಗುಳ ಕೇಳಲೆಂದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಎಪ್ಪತ್ತೈದರಲ್ಲಿ ಲೆವಿಯ ಕಾಟ ಜೋರಾಗಿತ್ತು. ಹೊಲ ಇದ್ದವರು ಇಷ್ಟು ಎಕರೆಗೆ ಇಷ್ಟು ಅಂತ ಸರ್ಕಾರಕ್ಕೆ ಜೋಳ ಅಳೆದು ಹಾಕಬೇಕು, ಅದೂ ಸರ್ಕಾರ ಹೇಳಿದ ರೇಟಿಗೆ. ಬಸಂತರಾಯಗೌಡನ ಹಿತ್ತಿಲಲ್ಲಿ ಮೂರು ಹಗೇವು. ಎರಡನ್ನು ಊರೆಲ್ಲ ಬಲ್ಲದು. ಮೂರನೆಯದು ಗೌಡನ ಅಪ್ಪ ತೋಡಿಸಿದ್ದು, ಅರವತ್ತು ಚೀಲ ಹಿಡಿಯುವಂಥದ್ದು, ದನದ ಕೊಟ್ಟಿಗೆಯ ಮಗ್ಗುಲಿಗೇ ಇತ್ತು. ಯುಗಾದಿಯ ಮುಂದೆ ಅದನ್ನು ತುಂಬಿ ಮುಚ್ಚಿದ ಮೇಲೆ ಗೌಡನಿಗೆ ಒಂದು ಬುದ್ಧಿ ಹೊಳೆಯಿತು. ತಿಪ್ಪೆಯನ್ನು ಎಳೆಸಿ ಅದರ ಬಾಯಿಯ ಮೇಲೆ ಹಾಕಿಸಿದ. ಲೆವಿ ಸಾಹೇಬ ಬಂದ, ತಿಪ್ಪೆಯಿಂದ ಹತ್ತು ಮಾರು ದೂರ ಹೊರಸಿನ ಮೇಲೆ ಕೂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಚಹಾ ಕುಡಿದು, ಎರಡು ಹಗೇವಿನ ಜೋಳ ಬರೆದುಕೊಂಡು ಹೋದ. ಗೌಡನ ಯುಕ್ತಿಯನ್ನು ಆಳುಗಳೂ ಮೆಚ್ಚಿದರು. ಮೀರಾಸಾಬನೂ ನಕ್ಕಿದ್ದ.

ಹಗೇವಿನ ಮೇಲೆ ತಿಪ್ಪೆ ಹಾಕಬಾರದು ಅನ್ನುವುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಜೋಳ ಗೌಡನದು, ತಿಪ್ಪೆ ಗೌಡನದು. ಕೆಟ್ಟರೆ ಗೌಡನದೇ ಕೆಡುತ್ತದೆ ಅಂದುಕೊಂಡ. ಕೆಟ್ಟ ಜೋಳ ಎತ್ತ ಹರಿಯುತ್ತದೆ ಅಂತ ಲೆಕ್ಕ ಹಾಕದೆ ಹೋದ. ಆ ವರ್ಷ ಉತ್ತರಿ ಮಳೆ ಬಿಡಲಿಲ್ಲ, ಹಸ್ತ ಮಳೆಯೂ ಬಿಡಲಿಲ್ಲ. ತಿಪ್ಪೆ ನೆನೆಯಿತು. ಕೊಟ್ಟಿಗೆಯ ಗಂಜಲ, ತಿಪ್ಪೆಯ ಕರಿನೀರು ಎರಡೂ ಕೂಡಿ ಎರಡು ತಿಂಗಳು ನೆಲಕ್ಕೆ ಇಳಿದವು.

ಎಳ್ಳಮಾಸಿ ಹತ್ತಿರ ಬಂದಾಗ ಚಡಚಣದ ಪೇಟೆಯಲ್ಲಿ ಜೋಳದ ಧಾರಣೆ ಏರಿತು. ಗೌಡ ಮೀರಾಸಾಬನನ್ನು ಕರೆಸಿದ. ಮೂರು ಹಗೇವಿಗೆ ಎರಡು ಚೀಲ ನಡುವಿನ ಜೋಳ, ಗುರಪ್ಪನಿಗೆ ಒಂದು ಚೀಲ, ಮೇಲೆ ಪದ್ಧತಿಯಂತೆ ಗೋಡಿ ಜೋಳ, ಅಂತ ಮಾತಾಯಿತು. ಮೊದಲೆರಡು ಹಗೇವಿನಲ್ಲಿ ಏನೂ ತಕರಾರಿಲ್ಲ. ಮೂರನೆಯದರ ತಿಪ್ಪೆ ಸರಿಸಿ ಚಪ್ಪಡಿ ಎತ್ತಿದಾಗ ಗುರಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಯಪ್ಪಾ, ಇದೇನ ಹಗೇವೋ, ಸತ್ತ ಎಮ್ಮಿ ಹೊಟ್ಟಿಯೋ?"

ಎರಡು ದಿನ ಬಿಟ್ಟರೂ ಕಂದೀಲು ಆರಿತು. ನಾಲ್ಕು ದಿನ ಬಿಟ್ಟರು. ಐದನೆಯ ದಿನ ದೀಪ ನಿಂತಿತು. ಮೀರಾಸಾಬ ಇಳಿದ. ಗೋಡೆಯ ಜೋಳ ಕಾಳಾಗಿ ಉಳಿದಿರಲಿಲ್ಲ, ಕರಣೆಗಟ್ಟಿತ್ತು. ಗುದ್ದಲಿ ಹಾಕಿದರೆ ಹೆಂಟೆ ಹೆಂಟೆಯಾಗಿ ಬೀಳುತ್ತಿತ್ತು. ಹಸಿರು ಬೂಷ್ಟು, ಹಳದಿ ಬೂಷ್ಟು, ಕೆಲವು ಕಡೆ ಕಪ್ಪು. ಒಡೆದರೆ ಹಿಟ್ಟಿನಂಥ ಧೂಳು ಎದ್ದು ಮೂಗು, ಗಂಟಲು ಕಟ್ಟುತ್ತಿತ್ತು. ಕೊಟ್ಟಿಗೆಯ ಕಡೆಗಂತೂ ಗೋಡೆಯಿಂದ ಒಂದು ಗೇಣು ಅಲ್ಲ, ಒಂದೂವರೆ ಮೊಳ ಹೀಗೆ. ಅರವತ್ತರಲ್ಲಿ ಹದಿನಾಲ್ಕು ಚೀಲ ಹೋಗಿತ್ತು.

"ಮೀರ್ಯಾ, ಇದ್ದೀಯೋ?"

"ಇದ್ದೇನಿ. ಗೌಡ ಈ ಸಲ ನಮ್ಮನ್ನ ಶ್ರೀಮಂತರ ಮಾಡ್ಯಾನ ನೋಡ. ಹಗೇವೆಲ್ಲಾ ಗೋಡೀನ ಐತಿ."

ಗೌಡ ಹದಿನಾಲ್ಕು ಚೀಲವನ್ನೂ ನೋಡಿದ. ಕಾಳು ಬಾಯಿಗೆ ಹಾಕಿ ಉಗುಳಿದ. ಆಮೇಲೆ ನಗುತ್ತಾ ಮಾತಾಡಿದ. ಅವನು ಸಿಟ್ಟಿನ ಮನುಷ್ಯನಲ್ಲ, ಮಾತಿನಲ್ಲಿ ಬೆಣ್ಣೆ.

"ಮೀರಾಸಾಬ, ಪದ್ಧತಿ ಪ್ರಕಾರ ಗೋಡಿ ಜೋಳ ನಿಂದ. ನಾ ಇಲ್ಲ ಅನ್ನೂದಿಲ್ಲ. ಆದರ ಇಷ್ಟೆಲ್ಲಾ ನಿನಗ ಕೊಟ್ಟ, ಮ್ಯಾಲ ಎರಡ ಚೀಲ ನಡೂಂದೂ ಕೊಟ್ಟರ ನಾ ಹಾಳಾಗಿ ಹೋಗ್ತೇನಿ. ಎರಡರ ಬದಲಿ ಐದ ತಗೋ. ಗುರಪ್ಪಗ ಒಂದರ ಬದಲಿ ಮೂರು. ಉಳದದ್ದು ದನಕ್ಕ, ಆಳಿಗೆ ಆಗತೈತಿ. ಏನಂತೀ?"

ಎರಡಕ್ಕಿಂತ ಐದು ದೊಡ್ಡದು. ಮನೆಯಲ್ಲಿ ಗಡಿಗೆ ಬೋರಲು ಬಿದ್ದು ನಾಲ್ಕು ದಿನವಾಗಿತ್ತು. ಮೀರಾಸಾಬ ಒಪ್ಪಿಕೊಂಡ. ಇದನ್ನು ಮುಚ್ಚಿಡಬೇಕಾಗಿಲ್ಲ. ಒಪ್ಪಿಕೊಂಡ, ಸಲಾಮು ಮಾಡಿದ, ಹೊತ್ತು ತಂದ. ಓಣಿಯವರು ಹೊಟ್ಟೆಕಿಚ್ಚು ಪಟ್ಟರು.

ಹೆಂಡತಿ ಜೈತುನಬಿ ಕೇರುವುದರಲ್ಲಿ ಊರಿಗೇ ಹೆಸರಾದವಳು. ಚೀಲ ಬಿಚ್ಚಿ ಮೂಸಿದಳು, ಗಂಡನ ಮುಖ ನೋಡಿದಳು.

"ಇದನ್ನ ಗೌಡನ ಹೆಣ್ತಿ ಮೂಸಿ ನೋಡ್ಯಾಳೇನ?"

"ಆಕೀಗೇನ ಮೂಸೂ ಗರಜ ಬಂದೈತಿ. ತೊಳಿ."

ತೊಳೆದಳು. ಬೂದಿಯ ನೀರಿನಲ್ಲಿ ಮೂರು ಸಲ ತಿಕ್ಕಿ ತೊಳೆದಳು, ಮಾಳಿಗೆಯ ಮೇಲೆ ಎರಡು ದಿನ ಒಣಗಿಸಿದಳು, ಬೋಗುಣಿಯಲ್ಲಿ ಬೆಚ್ಚಗೆ ಹುರಿದಳು. ಹಸಿರು ಹೋಯಿತು, ವಾಸನೆ ಮುಕ್ಕಾಲು ಪಾಲು ಹೋಯಿತು. ಬೀಸಿ ರೊಟ್ಟಿ ಬಡಿದಾಗ ಬಣ್ಣ ಸ್ವಲ್ಪ ಕಪ್ಪು, ನಾಲಿಗೆಯ ತುದಿಗೆ ಸ್ವಲ್ಪ ಕಹಿ. ಗುರೆಳ್ಳು ಪುಡಿ, ಹಸಿಖಾರ ಹಚ್ಚಿಕೊಂಡರೆ ಅದೂ ತಿಳಿಯುತ್ತಿರಲಿಲ್ಲ. ಅಜ್ಜಿಯ ಕಾಲದಿಂದ ಹೇಳಿಕೊಂಡು ಬಂದ ಮಾತೊಂದಿತ್ತು: ಕಹಿ ಹೋದರೆ ಕೇಡು ಹೋಯಿತು. ಗುರಪ್ಪನ ಹೆಂಡತಿ ಲಕ್ಕವ್ವನೂ ಹೀಗೇ ಮಾಡಿದಳು. ಮೊದಲು ಅರ್ಧ ಚೀಲ ಬಂದಾಗ ಒಳ್ಳೆಯ ಜೋಳದಲ್ಲಿ ಒಂದು ಹಿಡಿ ಕಲಸುತ್ತಿದ್ದರು. ಈಗ ಕಲಸಲು ಒಳ್ಳೆಯ ಜೋಳವೇ ಇರಲಿಲ್ಲ. ಮೂರು ಹೊತ್ತೂ ಅದೇ ರೊಟ್ಟಿ, ಅದೇ ನುಚ್ಚು.

ಜನವರಿ ಕಳೆಯುವ ಹೊತ್ತಿಗೆ ಓಣಿಯ ನಾಯಿಗಳು ಒಂದೊಂದಾಗಿ ಬಿದ್ದವು. ರೊಟ್ಟಿಯ ಚೂರು ತಿಂದು ಬದುಕುವ ನಾಯಿಗಳು. ಹುಚ್ಚು ಹಿಡಿದಿದೆ ಅಂದರು ಮಂದಿ. ಆಮೇಲೆ ಗುರಪ್ಪ ಮಲಗಿದ. ಮೊದಲು ಊಟ ಸೇರಲಿಲ್ಲ, ವಾಂತಿ, ಸಣ್ಣಗೆ ಜ್ವರ. ಒಂದು ವಾರಕ್ಕೆ ಕಣ್ಣು ಅರಿಶಿನ. ಇಂಗಳೇಶ್ವರದಲ್ಲಿ ಕಾಮಾಲೆಗೆ ಔಷಧ ಹಾಕುವವನ ಹತ್ತಿರ ಕರೆದೊಯ್ದರು. ಅವನು ಮೂಗಿಗೆ ಸೊಪ್ಪಿನ ರಸ ಹಿಂಡಿ, ಎಣ್ಣೆ ಬಿಡಬೇಕು, ಖಾರ ಬಿಡಬೇಕು, ಬರೇ ಜೋಳದ ಗಂಜಿ ಕುಡಿಯಬೇಕು ಅಂದ. ಯಾವ ಜೋಳದ ಗಂಜಿ ಅಂತ ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಹತ್ತು ದಿನ ಆ ಗಂಜಿಯನ್ನೇ ಕುಡಿಸಿದರು. ಗುರಪ್ಪನ ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ನೀರು ತುಂಬಿ ಗಡಿಗೆಯಾಯಿತು.

"ನೋಡೋ ಮೀರ್ಯಾ, ಕಡೀಕೂ ಗೌಡನಂಥಾ ಹೊಟ್ಟಿ ಬಂತು ನನಗ," ಅಂದ ಗುರಪ್ಪ.

"ಹೊಟ್ಟಿ ಬಂತು, ಹೊಲಾ ಎಲ್ಲಿ ಬಂತು?"

"ಹೊಲಾ ಆರ ಮೊಳ ಸಾಕಲ್ಲೋ."

ಫೆಬ್ರವರಿಯ ಒಂದು ಮಧ್ಯಾಹ್ನ ಗುರಪ್ಪ ಕಣ್ಣು ಮುಚ್ಚಿಕೊಂಡೇ ಮಲಗಿದ್ದ. ಮೀರಾಸಾಬ ಪಕ್ಕದಲ್ಲಿ ಕೂತು ಎಂದಿನಂತೆ ಬೈಯುತ್ತಿದ್ದ. ಇಂಡಿಯ ಸೇಂಗಾ ವ್ಯಾಪಾರಿಯ ಹಗೇವಿನಲ್ಲಿ ಹಗ್ಗ ಕೈಬಿಟ್ಟದ್ದು, ಮುದ್ದೇಬಿಹಾಳದ ಬಸ್ಸಿನಲ್ಲಿ ಟಿಕೀಟು ತಪ್ಪಿಸಲು ಹೋಗಿ ಸಿಕ್ಕಿಬಿದ್ದದ್ದು, ಒಂದೊಂದೇ ಎತ್ತಿ ಆಡುತ್ತಿದ್ದ. ಗುರಪ್ಪ ಹೂಂ ಅನ್ನುತ್ತಿದ್ದ. ಆಮೇಲೆ ಹೂಂ ನಿಂತಿತು.

"ಲೇ ಗುರ್ಯಾ, ಇದ್ದೀಯೋ?"

ಮೂರು ಸಲ ಕೇಳಿದ. ಅವನ ಕೈ ತಾನಾಗಿಯೇ ಹಗ್ಗಕ್ಕೆ ತಡಕಾಡಿತು. ಜಗ್ಗಲು ಹಗ್ಗವಿರಲಿಲ್ಲ. ಒಳಗಿನಿಂದ ಲಕ್ಕವ್ವ ಹೊರಬಂದು ಗಂಡನ ಮುಖ ನೋಡಿ ನೆಲಕ್ಕೆ ಕೂತಳು.

ಕಾಮಾಲೆಯಿಂದ ಸತ್ತ ಅಂದರು. ದೇವರು ಕರೆದುಕೊಂಡ ಅಂದರು. ಮಣ್ಣು ಕೊಟ್ಟು ಬಂದ ಮೂರನೆಯ ದಿನ ಜೈತುನಬಿ ಮುಂಜಾನೆ ಕೇರಲು ಕೂತವಳು ಮೊರ ಪಕ್ಕಕ್ಕಿಟ್ಟಳು. ಮೀರಾಸಾಬ ಬಿಸಿಲಿಗೆ ಅವಳ ಮುಖ ತಿರುಗಿಸಿ ನೋಡಿದ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ.

ಅದೇ ದಿನ ಸಂಜೆ ಬಾಳಮ್ಮ ಬಂದಳು. ಗೌಡನ ಕೊಟ್ಟಿಗೆಯಲ್ಲಿ ಸಗಣಿ ಬಳಿದು, ದನಕ್ಕೆ ನುಚ್ಚು ಕುದಿಸಿ ಹಾಕುವವಳು. ಮಡಿಲಲ್ಲಿ ಜೋಳ ಕಟ್ಟಿಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ದನಿ ತಗ್ಗಿಸಿದಳು.

"ಮಾಮಾ, ಒಂದ ಮಾತ ಕೇಳ್ಲಿ, ಬೈಬ್ಯಾಡ. ಗೌಡರ ಎಮ್ಮಿ ಸತ್ತದ್ದ ಗೊತ್ತಾತಿಲ್ಲ?"

"ಯಾವದು, ದೊಡ್ಡೆಮ್ಮಿ? ಎರಡ ಸಾವಿರದ್ದು?"

"ಅದ. ಮೊದಲ ಹಾಲ ಬತ್ತಿತು. ಆಮ್ಯಾಲ ಕರಾ ಸತ್ತಿತು. ಆಮ್ಯಾಲ ತಾನೂ. ಗೌಡ ಅದ ಹೊತ್ತಿಗೇ ಬಾಗೇವಾಡಿಗೆ ಸೈಕಲ್ ಓಡಿಸಿ ದನದ ಡಾಕ್ಟರನ ಕರಸಿದ. ಡಾಕ್ಟರ ಎಮ್ಮಿ ಹೊಟ್ಟಿ ಕೊಯ್ದ ನೋಡಿದ, ಲಿವರ ಅಂತಾರಲ್ಲ, ಅದು ಬಿರಸಾಗೇತಿ ಅಂದ. ಏನ ಹಾಕ್ತೀರಿ ತಿನ್ನಾಕ ಅಂತ ಕೇಳಿದ. ನಾನ ತೋರಿಸಿದ್ನಿ ಈ ಜೋಳಾನ."

"ಏನಂದ?"

"ಬೂಷ್ಟಿನಾಗ ವಿಷಾ ಐತಿ ಅಂದ. ತೊಳದ್ರ ಬಣ್ಣಾ ಹೋಗತೈತಿ, ವಿಷಾ ಹೋಗೂದಿಲ್ಲ. ಕುದಿಸಿದ್ರೂ ಹೋಗೂದಿಲ್ಲ, ಸುಟ್ಟ್ರೂ ಹೋಗೂದಿಲ್ಲ ಅಂದ. ಇದನ್ನ ತಿಂದ ಎಮ್ಮಿ ಹಾಲ ಸೈತ ಕುಡೀಬ್ಯಾಡ್ರಿ ಅಂದ. ಗೌಡ ಅವಾಗಿಂದಾವಾಗ ಹುಕುಂ ಮಾಡಿದ, ಇನ್ನ ಮ್ಯಾಲ ನನ್ನ ಒಂದ ದನಕ್ಕೂ ಈ ಜೋಳ ಬೀಳಬಾರ್ದು ಅಂತ."

"ಯಾವಾಗ ಇದು?"

ಬಾಳಮ್ಮ ಮಡಿಲು ಬಿಚ್ಚಿ ತೋರಿಸಿದಳು. ಹಸಿರು ಮೆತ್ತಿದ ಕಂದು ಜೋಳ.

"ಸೋಮಾರ ಡಾಕ್ಟರ ಬಂದ ಹ್ವಾದ. ಇವತ್ತ ಬುಧವಾರ. ಇದೀಗ ನನಗ ವಾರದ ಕೂಲಿ ಅಳದ ಕೊಟ್ಟಾರ."

ಮೀರಾಸಾಬ ಆ ರಾತ್ರಿ ಏನು ಮಾಡಿದ, ಏನು ಯೋಚಿಸಿದ ಅನ್ನುವುದು ದೊಡ್ಡ ಕಥೆಯಲ್ಲ. ಮನೆಯಲ್ಲಿ ಮೂರೂವರೆ ಚೀಲ ಜೋಳ ಉಳಿದಿತ್ತು. ಜೈತುನಬಿಗೆ ಹೊಟ್ಟೆಗೆ ಹಾಕಲು ಬೇರೆ ಒಂದು ಕಾಳಿರಲಿಲ್ಲ. ಅದನ್ನು ಉಣಿಸಿದರೆ ಗುರಪ್ಪನ ಹಾದಿ, ಉಣಿಸದಿದ್ದರೆ ಉಪವಾಸ. ಅಷ್ಟೇ ಲೆಕ್ಕ. ಅವಳು ಉಳಿಯಬೇಕಾದರೆ ತನಗೆ ಬರಬೇಕಾದ ಎರಡು ಚೀಲ ಒಳ್ಳೆಯ ಜೋಳ ಮನೆಗೆ ಬರಬೇಕು.

ಮುಂಜಾನೆ ಗೌಡನ ಪಡಸಾಲೆಗೆ ಹೋದ. ಗೌಡ ಎಲೆ ಹಾಕಿಕೊಳ್ಳುತ್ತಿದ್ದ.

"ಗೌಡ್ರ, ನನ್ನ ಎರಡ ಚೀಲ ಕೊಡ್ರಿ. ಆ ಐದು ಚೀಲದಾಗ ಉಳದದ್ದ ತಿರುಗಿ ತಂದ ಹಾಕ್ತೇನಿ."

"ಏನೋ ಇದು ಹೊಸಾ ಮಾತು? ಒಪ್ಪಿ ತಗೊಂಡ ಹ್ವಾದವ ನೀನ. ನಿಮ್ಮಪ್ಪ ತಗೊಂಡ, ನಿಮ್ಮಜ್ಜ ತಗೊಂಡ. ಪದ್ಧತಿ ಐತಿ."

"ನಮ್ಮಪ್ಪ ಅರ್ಧಾ ಚೀಲ ತಗೊಂಡ, ಅದೂ ಕೂಲಿ ಮ್ಯಾಲ. ನಿಮ್ಮಪ್ಪ ಹಗೇವಿನ ಮ್ಯಾಲ ತಿಪ್ಪಿ ಹಾಕಲಿಲ್ರಿ. ಒಪ್ಪಿ ತಗೊಂಡಾಗ ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ ಅಂತ ಇಟಗೊಳ್ಳೂನು. ಸೋಮಾರ ನಿಮಗ ಗೊತ್ತಾತು. ಎಮ್ಮಿಗೆ ಬ್ಯಾಡಂದ್ರಿ. ಬಾಳಮ್ಮಗ ಯಾಕ ಅಳದ್ರಿ? ನಮ್ಮ ಓಣಿಗೆ ಯಾಕ ಒಂದ ಮಾತ ಹೇಳಿ ಕಳಸಲಿಲ್ರಿ?"

ಗೌಡ ಎಲೆ ಜಗಿಯುವುದು ನಿಲ್ಲಿಸಿದ. "ದನಾ ಬ್ಯಾರೆ, ಮನಶ್ಯಾ ಬ್ಯಾರೆ. ದನಕ್ಕ ತಾಳಿಕಿ ಕಡಿಮಿ."

"ಹಂಗಿದ್ರ ಒಂದ ರೊಟ್ಟಿ ಮಾಡಿಸಿ ತರ್ತೇನ್ರಿ ಆ ಜೋಳದ್ದು. ನನ್ನ ಕಣ್ಣ ಮುಂದ ನೀವು ತಿನ್ರಿ. ನಾ ಎರಡ ಚೀಲದ ಮಾತ ಬಿಟ್ಟ ಹೋಗ್ತೇನಿ."

ಪಡಸಾಲೆಯಲ್ಲಿ ಕೂತಿದ್ದ ಇಬ್ಬರು ನೆಲ ನೋಡಿದರು. ಗೌಡನಿಗೆ ಸಿಟ್ಟು ಬರಲಿಲ್ಲ. ಕಿಸೆಯಿಂದ ಇಪ್ಪತ್ತು ರೂಪಾಯಿ ತೆಗೆದು ಹಾಸಿಗೆಯ ಮೇಲಿಟ್ಟ. "ತಗೋ, ಹೆಣ್ತಿಗೆ ಔಷಧಾ ಮಾಡಸು. ಮಾತ ಬೆಳಸಬ್ಯಾಡ. ಎಮರ್ಜೆನ್ಸಿ ಐತಿ, ಒಂದ ಚೀಟಿ ಬರದ್ರ ಒಳಗ ಹಾಕ್ತಾರ."

"ಹಾಕಸ್ರಿ. ಅಲ್ಲಿ ಯಾವ ಜೋಳದ ರೊಟ್ಟಿ ಕೊಡ್ತಾರ ಅದನ್ನಷ್ಟ ಕೇಳಿ ಹೇಳ್ರಿ."

ಇಪ್ಪತ್ತು ರೂಪಾಯಿ ಮುಟ್ಟದೆ ಎದ್ದು ಬಂದ. ಅದು ದೊಡ್ಡಸ್ತಿಕೆಯೇನಲ್ಲ. ಮುಟ್ಟಿದರೆ ಲೆಕ್ಕ ಹರಿಯಿತು ಅಂತ ಊರು ತೀರ್ಮಾನಿಸುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು.

ಮನೆಗೆ ಬಂದು ಮೂರೂವರೆ ಚೀಲ ಹೊರಗೆಳೆದ. ಓಣಿ ಕೂಡಿತು. ಬಾಳಮ್ಮ ತನ್ನ ಮಡಿಲ ಜೋಳವನ್ನು ತಂದು ಚೀಲಕ್ಕೆ ಸುರಿದಳು. ಲಕ್ಕವ್ವನ ಮನೆಯಲ್ಲಿ ಎರಡು ಚೀಲವಿತ್ತು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅನ್ನಾ ಚೆಲ್ಲಾಕ ಹೊಂಟೀಯೇನೋ ಮೀರ್ಯಾ? ನಾಳೆ ನನ್ನ ಒಲಿ ಮ್ಯಾಲ ಏನ ಇಡ್ಲಿ ಹೇಳಿ ಹೋಗು."

"ನನಗೂ ಅದ ಚಿಂತಿ ಐತಿ ಲಕ್ಕವ್ವಾ."

ಲಕ್ಕವ್ವ ಬಾಗಿಲು ಬಿಟ್ಟು ಸರಿದಳು. ಆಮೇಲೆ ಅವಳೇ ಒಳಗೆ ಹೋಗಿ ಒಂದು ಚೀಲದ ಕಿವಿ ಹಿಡಿದು ದರದರ ಎಳೆದು ತಂದಳು.

"ಹಸದವರು ನಾಳೆ ಎದ್ದ ಕುಂದ್ರತಾರ. ಈ ಮನಿಯಾಂವ ಎದ್ದ ಕುಂತಿಲ್ಲ. ಒಯ್ಯಿ."

ಹಾಡಹಗಲು, ಊರ ನಡುವಿನ ಹಾದಿಯಲ್ಲಿ, ಆರು ಸಲ ಬೆನ್ನಮೇಲೆ ಹೊತ್ತ. ಐವತ್ತರ ಹತ್ತಿರದ ಬೆನ್ನು. ಗೌಡನ ಹಿತ್ತಿಲಲ್ಲಿ ಮೂರನೆಯ ಹಗೇವು ಬಾಯಿ ತೆರೆದೇ ಬಿದ್ದಿತ್ತು. ಮೀರಾಸಾಬ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಇಳಿಯುವುದೇನೂ ಇರಲಿಲ್ಲ, ಆದರೆ ಬಾಯಿ ಕಂಡಾಗ ಕೈಗೆ ಬೇರೆ ಕೆಲಸ ತಿಳಿಯಲಿಲ್ಲ. ದೀಪ ನಿಂತಿತು. ಅದನ್ನು ಮೇಲೆಳೆದುಕೊಂಡು ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಸುರಿದ.

ಗೌಡ ಬಂದು ನಿಂತ. "ಏನ ಮಾಡಾಕತ್ತೀಯೋ?"

"ನಿಮ್ಮ ಜೋಳ ನಿಮ್ಮ ಹಗೇವಿಗೆ ಹಾಕಾಕತ್ತೇನ್ರಿ. ಕೊಟ್ಟಿಗಿಯಾಗ ಉಳದದ್ದನ್ನೂ ತರ್ರಿ, ಕೂಡೇ ಮುಚ್ಚತೇನಿ. ಮುಚ್ಚಿದ ಕೂಲಿ ಬ್ಯಾಡ."

ಕೊಟ್ಟಿಗೆಯಲ್ಲಿ ಉಳಿದದ್ದು ಮೂರು ಚೀಲ. ಗೌಡ ತರಲೂ ಹೇಳಲಿಲ್ಲ, ಬೇಡ ಅನ್ನಲೂ ಇಲ್ಲ. ಬಾಳಮ್ಮ ತಾನೇ ಹೋಗಿ ಎಳೆದು ತಂದಳು, ಲಕ್ಕವ್ವ ಕೈ ಹಚ್ಚಿದಳು. ಅಂದು ಗೌಡ ತಡೆದಿದ್ದರೆ ಏನಾಗುತ್ತಿತ್ತೋ. ಹಿತ್ತಿಲ ಗೋಡೆಯ ಮೇಲೆ ಓಣಿಯ ಅರ್ಧ ಮಂದಿ ಹತ್ತಿ ಕೂತಿದ್ದರು, ಅದೂ ಒಂದು ಕಾರಣ. ಮೀರಾಸಾಬ ಚಪ್ಪಡಿ ಎಳೆದು, ಕೆಸರು ಕಲಸಿ, ಅಂಚಿಗೆ ಬೆರಳು ಒತ್ತಿ ಒತ್ತಿ ಮೆತ್ತಿದ. ನೀರು ಇಳಿಯದಂತೆ, ಗಾಳಿ ಆಡದಂತೆ. ಇಪ್ಪತ್ತೈದು ವರ್ಷದಲ್ಲಿ ಅಷ್ಟು ಚೊಕ್ಕಾಗಿ ಅವನು ಯಾವ ಹಗೇವನ್ನೂ ಮುಚ್ಚಿರಲಿಲ್ಲ.

ಮರುದಿನ ನಿಡಗುಂದಿ ಬಸ್ಸು ಹತ್ತಿ ಆಲಮಟ್ಟಿ ಕಟ್ಟೆಯ ಕೆಲಸಕ್ಕೆ ಹೋದ. ಕಲ್ಲು ಹೊತ್ತ. ಶನಿವಾರದ ಪಗಾರ ಬಂದರೆ ನಿಡಗುಂದಿಯ ಅಂಗಡಿಯಲ್ಲಿ ಒಂದೊಂದು ಕಾಳು ಬೆಳಕಿಗೆ ಹಿಡಿದು ನೋಡಿ ಜೋಳ ಕೊಂಡು ಕಳಿಸಿದ. ಅಂಗಡಿಯವನು "ಮಗಳ ಲಗ್ನಕ್ಕ ಬಂಗಾರ ಆರಸಿದಂಗ ಆರಸ್ತೀಯಲ್ಲೋ" ಅಂತ ನಗುತ್ತಿದ್ದ. ಆ ಜೋಳದಲ್ಲಿ ಲಕ್ಕವ್ವನ ಮನೆಗೂ ಒಂದು ಪಾಲು ಹೋಗುತ್ತಿತ್ತು. ಕೆಲವು ವಾರ ಸಾಲುತ್ತಿರಲಿಲ್ಲ. ಆಗ ಎರಡೂ ಮನೆ ಅರೆಹೊಟ್ಟೆ ಮಲಗಿದವು. ಜೈತುನಬಿ ಉಳಿದಳು. ಕಣ್ಣು ಬೆಳ್ಳಗಾಗಲು ನಾಲ್ಕು ತಿಂಗಳು ಹಿಡಿಯಿತು. ಆದರೆ ಮೊರ ಎತ್ತುವ ಕಸುವು ತಿರುಗಿ ಬರಲಿಲ್ಲ. ಈಗಲೂ ಮೂರು ಸಲ ಕೇರಿದರೆ ನಾಲ್ಕನೆಯದಕ್ಕೆ ಗೋಡೆಗೆ ಒರಗುತ್ತಾಳೆ.

ಮೀರಾಸಾಬ ಆಮೇಲೆ ಹಗೇವಿಗೆ ಇಳಿಯಲಿಲ್ಲ. ಹಗ್ಗ ಹಿಡಿಯುವವನಿಲ್ಲ ಅನ್ನುವುದು ಅವನು ಕೊಡುವ ಕಾರಣ. ಗೌಡನೂ ಹಗೇವು ಬಿಟ್ಟ, ತಗಡಿನ ಕಣಜ ತರಿಸಿದ. ಕೊಟ್ಟಿಗೆಯಲ್ಲಿ ಹೊಸ ಎಮ್ಮೆ ಬಂದಿದೆ, ಅದರ ನುಚ್ಚಿನ ಜೋಳವನ್ನು ಗೌಡನೇ ನಿಂತು ನೋಡಿ ಹಾಕಿಸುತ್ತಾನೆ. ತಗಡಿನ ತಳದಲ್ಲಿ ಮುಗ್ಗಿದ್ದು ಇಂದಿಗೂ ಆಳಿನ ಸೇರಿಗೆ ಬೀಳುತ್ತದೆ. ಹೆಸರು ಮಾತ್ರ ಬದಲಾಗಿದೆ, ಈಗ ಅದನ್ನು ತಳದ ಜೋಳ ಅನ್ನುತ್ತಾರೆ.

ಪ್ರತಿ ಎಳ್ಳಮಾಸಿಯ ಮುಂಜಾನೆ ಮೀರಾಸಾಬ ಗೌಡನ ಪಡಸಾಲೆಯ ಕೆಳಗೆ ಬಂದು ನಿಲ್ಲುತ್ತಾನೆ. ಕೂಗಾಡುವುದಿಲ್ಲ. "ಎರಡ ಚೀಲ, ಗೌಡ್ರ" ಅನ್ನುತ್ತಾನೆ. ಗೌಡ "ಕೊಟ್ಟೇನಲ್ಲೋ ಐದು" ಅನ್ನುತ್ತಾನೆ. "ಅದು ನಿಮ್ಮ ಹಗೇವಿನಾಗ ಐತ್ರಿ, ತಗದ ನೋಡ್ರಿ" ಅಂತ ಹೇಳಿ ಮೀರಾಸಾಬ ಮನೆಗೆ ಹೋಗುತ್ತಾನೆ. ಮೂರು ವರ್ಷ ಹೀಗಾಯಿತು, ಈ ವರ್ಷ ನಾಲ್ಕು. ಗೌಡ ಆ ಹಗೇವು ತೆಗೆಸಿಲ್ಲ. ಮಗನಿಗೂ ತೆಗೆಯಬೇಡ ಅಂದಿದ್ದಾನಂತೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಕಣಜವಿದೆ, ಕೊಟ್ಟಿಗೆಯಿದೆ, ಕೂಲಿಗೆ ಬರುವವರಿದ್ದಾರೆ. ನಾಳೆ ಕಾಳು ಅಳೆಯುವಾಗ ಮುಗ್ಗಿದ್ದು ಯಾವ ಚೀಲಕ್ಕೆ ಹೋಗುತ್ತದೆ ಅಂತ ನಿಮಗೆ ಗೊತ್ತು. ಎಮ್ಮೆಗೆ ಹಾಕಲು ಹೆದರುವ ಜೋಳವನ್ನು ಆಳಿಗೆ ಅಳೆಯಬೇಡಿ, ಹುಗಿಯಿರಿ. ಅಳೆಯಲೇಬೇಕು ಅನ್ನುವ ಹಟವಿದ್ದರೆ ಮೊದಲ ರೊಟ್ಟಿ ನಿಮ್ಮ ತಾಟಿಗೆ ಹಾಕಿಸಿಕೊಂಡು, ಅವರ ಎದುರಿಗೆ ಕೂತು, ಪೂರ್ತಿ ತಿನ್ನಿ. ಅದೂ ಆಗದಿದ್ದರೆ ಕರಿಹಾಳಕ್ಕೆ ಬನ್ನಿ. ಕೆಳಗಿನ ಓಣಿಯಲ್ಲಿ ಮೀರಾಸಾಬನ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಬರುವಾಗ ಎರಡು ಚೀಲ ತನ್ನಿ. ನಡುವಿನದು.